ಬಾಣಂತಿ ಕೋಣೆಯ ಆರು ವಾರ

ಮಗು ಹೊರಬಂದು ಮಾಸು ಬಿದ್ದ ಹೊತ್ತಿಗೆ ಗರ್ಭಕೋಶದ ತೂಕ ಸುಮಾರು 1 ಕಿಲೋ ಇರುತ್ತದೆ. ಆರು ವಾರ ಕಳೆಯುವಷ್ಟರಲ್ಲಿ ಅದೇ ಅಂಗ 60-70 ಗ್ರಾಂಗೆ ಇಳಿದಿರುತ್ತದೆ. ಹೆರಿಗೆಯ ದಿನ ಹೊಕ್ಕುಳ ಮಟ್ಟದಲ್ಲಿ ಗಟ್ಟಿಯಾಗಿ ಕೈಗೆ ಸಿಗುತ್ತಿದ್ದದ್ದು ದಿನಕ್ಕೊಂದು ಬೆರಳಿನಗಲ ಕೆಳಗಿಳಿದು, ಎರಡು ವಾರದೊಳಗೆ ಸೊಂಟದ ಮೂಳೆಯ ಮರೆಗೆ ಸರಿಯುತ್ತದೆ. ಆರೋಗ್ಯವಂತ ಮನುಷ್ಯ ದೇಹದಲ್ಲಿ ಇಷ್ಟು ಕಡಿಮೆ ಕಾಲದಲ್ಲಿ ಇಷ್ಟು ದೊಡ್ಡ ಬದಲಾವಣೆ ನಡೆಯುವ ಇನ್ನೊಂದು ಸಂದರ್ಭ ಹುಡುಕುವುದು ಕಷ್ಟ.

ಆದರೆ ಈ ಹೊತ್ತಿಗೆ ಮನೆಯವರ ಕಣ್ಣೆಲ್ಲ ತೊಟ್ಟಿಲ ಮೇಲಿರುತ್ತದೆ. ಒಂಬತ್ತು ತಿಂಗಳು ತಿಂಗಳಿಗೊಮ್ಮೆ ತೂಕ, ರಕ್ತದೊತ್ತಡ, ಸ್ಕ್ಯಾನ್ ಎಂದು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದವರು ಹೆರಿಗೆಯಾದ ಮೇಲೆ ಮಗುವಿನ ಫೈಲು ಮಾತ್ರ ಹಿಡಿದು ಓಡಾಡುತ್ತಾರೆ. ಬಂದ ನೆಂಟರು ಮಗು ಯಾರ ಹಾಗಿದೆ ಎಂದು ಕೇಳುತ್ತಾರೆ, ಹಾಲು ಸಾಲುತ್ತದೆಯೇ ಎಂದು ಕೇಳುತ್ತಾರೆ. ನಿನಗೆ ಹೇಗಿದೆ ಎಂದು ಕೇಳುವವರು ಕಡಿಮೆ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಹೊಕ್ಕುಳಬಳ್ಳಿ ಕತ್ತರಿಸಿದ ಮಾತ್ರಕ್ಕೆ ತಾಯಿ-ಮಗುವಿನ ದೇಹಗಳು ಬೇರೆಯಾಗುವುದಿಲ್ಲ. ತಾಯಿ ಉಂಡದ್ದು, ಉಣ್ಣದೆ ಬಿಟ್ಟದ್ದು, ಅವಳ ನಿದ್ದೆ, ಅವಳ ಮನಸ್ಸು ಎಲ್ಲವೂ ಇನ್ನೂ ಕೆಲವು ವಾರ ನೇರವಾಗಿ ಮಗುವನ್ನು ಮುಟ್ಟುತ್ತಿರುತ್ತವೆ. ಮಗುವನ್ನು ನೋಡಿಕೊಳ್ಳಬೇಕೆಂದರೆ ಮೊದಲು ಹಸಿಬಾಣಂತಿಯನ್ನು ನೋಡಿಕೊಳ್ಳಬೇಕು.

ಮಗು ಮೊಲೆ ಚೀಪತೊಡಗಿದ ಒಂದೆರಡು ನಿಮಿಷಕ್ಕೆ ತಾಯಿ ತುಟಿ ಕಚ್ಚಿ ಕಿಬ್ಬೊಟ್ಟೆ ಹಿಡಿದುಕೊಳ್ಳುವುದನ್ನು ಬಾಣಂತಿಯ ಪಕ್ಕ ಕೂತವರು ನೋಡಿರುತ್ತೀರಿ. ಮೊಲೆತೊಟ್ಟಿನ ನರಗಳಿಂದ ಸುದ್ದಿ ಮಿದುಳಿಗೆ ಹೋಗಿ, ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಅದು ಎದೆಯಲ್ಲಿ ಹಾಲನ್ನು ಮುಂದಕ್ಕೆ ತಳ್ಳುತ್ತದೆ, ಅದೇ ಗಳಿಗೆಯಲ್ಲಿ ಗರ್ಭಕೋಶವನ್ನು ಹಿಂಡುತ್ತದೆ. ಮಾಸು ಅಂಟಿಕೊಂಡಿದ್ದ ಜಾಗ ಒಳಗೆ ಅಂಗೈಯಗಲದ ಹಸಿ ಗಾಯವಾಗಿರುತ್ತದೆ. ಅಲ್ಲಿನ ರಕ್ತನಾಳಗಳ ಬಾಯಿ ಮುಚ್ಚುವುದು ಈ ಹಿಂಡುವಿಕೆಯೇ. ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿ ಎಂದು ದಾದಿಯರು ಒತ್ತಾಯಿಸುವುದರ ಹಿಂದೆ ಮಗುವಿನ ಹಸಿವಿನ ಜೊತೆಗೆ ತಾಯಿಯ ರಕ್ತ ಉಳಿಸುವ ಲೆಕ್ಕವೂ ಇದೆ. ಚೊಚ್ಚಲ ಹೆರಿಗೆಯಲ್ಲಿ ಈ ನೋವು ಅಷ್ಟಾಗಿ ತಿಳಿಯದೆ ಹೋಗಬಹುದು. ಎರಡನೆಯದು, ಮೂರನೆಯದು ಆಗುತ್ತಿದ್ದಂತೆ ಗರ್ಭಕೋಶದ ಸ್ನಾಯು ಸಡಿಲವಾಗಿ, ಬಿಟ್ಟುಬಿಟ್ಟು ಹಿಂಡುವುದರಿಂದ ನೋವು ಹೆಚ್ಚು. ಎರಡು ಮೂರು ದಿನದಲ್ಲಿ ಅದು ತಾನೇ ತಗ್ಗುತ್ತದೆ.

ಮೊದಲ ಮೂರು ನಾಲ್ಕು ದಿನ ಕೆಂಪು ರಕ್ತಸ್ರಾವ ಇರುತ್ತದೆ. ಆಮೇಲೆ ಅದು ಕಂದು-ಗುಲಾಬಿಗೆ ತಿರುಗಿ, ಹತ್ತು ದಿನದ ಸುಮಾರಿಗೆ ಬೆಳ್ಳಗಾಗಿ, ನಾಲ್ಕರಿಂದ ಆರು ವಾರದಲ್ಲಿ ನಿಲ್ಲುತ್ತದೆ. ಮೊದಲ ವಾರ ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಮತ್ತೆಮತ್ತೆ ಮೂತ್ರ. ಬಸುರಿನಲ್ಲಿ ದೇಹ ಕೂಡಿಟ್ಟುಕೊಂಡಿದ್ದ ಹೆಚ್ಚಿನ ನೀರು ಹೀಗೆ ಹೊರಹೋಗುತ್ತಿರುತ್ತದೆ, ಭಯಪಡಬೇಕಾಗಿಲ್ಲ. ಭಯಪಡಬೇಕಾದದ್ದು ಬೇರೆ. ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ನಿಂಬೆಹಣ್ಣಿನಷ್ಟು ದಪ್ಪದ ಗಡ್ಡೆಗಳು, ಕೆಟ್ಟ ವಾಸನೆಯ ಸ್ರಾವ, ಚಳಿ ಹಿಡಿದು ಬರುವ ಜ್ವರ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲು ಊದಿ ನೋಯುವುದು. ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನಬಾರದು. ಬಸುರಿನಲ್ಲಿ ಬಿ.ಪಿ. ಚೆನ್ನಾಗಿಯೇ ಇದ್ದವಳಿಗೂ ಹೆರಿಗೆಯ ನಂತರ ಅದು ಏರಿ ಫಿಟ್ಸ್ ಬರಬಹುದು ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ.

ಇನ್ನು ಹಾಲಿನ ವಿಷಯ. ಹೆರಿಗೆಯ ಮರುದಿನ ಬಾಣಂತಿಯ ಎದೆ ಮೆತ್ತಗೇ ಇರುತ್ತದೆ, ಹಿಂಡಿದರೆ ನಾಲ್ಕು ಹನಿ ಹಳದಿ ದ್ರವ ಬರುತ್ತದೆ. ನೋಡಲು ಬಂದ ಯಾರೋ ಹಿರಿಯರು 'ಇವಳಿಗೆ ಹಾಲೇ ಇಲ್ಲ' ಎಂದುಬಿಡುತ್ತಾರೆ. ಬಾಣಂತಿ ಕೋಣೆಯಲ್ಲಿ ಆಡಬಹುದಾದ ಮಾತುಗಳಲ್ಲಿ ಇದಕ್ಕಿಂತ ಹೆಚ್ಚು ಹಾನಿ ಮಾಡುವ ಮಾತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾಸು ಇರುವವರೆಗೆ ಅದು ಸುರಿಸುವ ಪ್ರೊಜೆಸ್ಟರಾನ್ ಹಾಲಿನ ಉತ್ಪತ್ತಿಯನ್ನು ತಡೆದಿಟ್ಟಿರುತ್ತದೆ. ಮಾಸು ಬಿದ್ದ ಮೇಲೆ ಆ ಹಾರ್ಮೋನು ರಕ್ತದಲ್ಲಿ ಕುಸಿಯಬೇಕು, ಪ್ರೊಲ್ಯಾಕ್ಟಿನ್ ಕೈ ಮೇಲಾಗಬೇಕು. ಅದಕ್ಕೆ ಎರಡರಿಂದ ನಾಲ್ಕು ದಿನ ಬೇಕು. ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಅಲ್ಲಿಯವರೆಗೆ ಬರುವ ಆ ಹಳದಿ ಹನಿಗಳು ಅಷ್ಟೇ ಸಾಕಾಗುವಂತೆ ಮಗುವಿನ ಹೊಟ್ಟೆಯೂ ಚಿಕ್ಕದಾಗಿರುತ್ತದೆ. ಮೊದಲ ದಿನ ಒಂದು ಸಲಕ್ಕೆ ಒಂದು ಚಮಚದಷ್ಟು ಸಿಕ್ಕರೂ ಆರೋಗ್ಯವಾಗಿ ಹುಟ್ಟಿದ ಕೂಸಿಗೆ ಸಾಕು. ರೋಗನಿರೋಧಕ ಪ್ರತಿಕಾಯಗಳು ಈ ಹಾಲಿನಲ್ಲಿ ದಟ್ಟವಾಗಿರುತ್ತವೆ. ಅವು ಮಗುವಿನ ಕರುಳಿನ ಒಳಗೋಡೆಗೆ ಲೇಪದಂತೆ ಹಚ್ಚಿಕೊಂಡು ರೋಗಾಣು ಅಂಟದಂತೆ ಕಾಯುತ್ತವೆ. ಕರು ಹಾಕಿದ ಹಸುವಿನ ಗಿಣ್ಣನ್ನು ಕಾಯ್ದು ಕೂತು ಬೆಲ್ಲ, ಏಲಕ್ಕಿ ಹಾಕಿ ತಿನ್ನುವ ನಮ್ಮ ಊರುಗಳಲ್ಲೇ ತಾಯಿಯ ಗಿಣ್ಣುಹಾಲನ್ನು 'ಹಳೇ ಹಾಲು, ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಸಕ್ಕರೆ ನೀರು, ಜೇನುತುಪ್ಪ ಹಾಕಿದ್ದುಂಟು. ಜೇನುತುಪ್ಪದಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯದ ಬೀಜಕಗಳಿರಬಹುದು, ಆದ್ದರಿಂದ ಒಂದು ವರ್ಷ ತುಂಬುವವರೆಗೆ ಅದು ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದರೂ ಮೊದಲ ಗಂಟೆಯಲ್ಲಿ ಎದೆಹಾಲು ಕಂಡ ಮಕ್ಕಳು ನೂರಕ್ಕೆ 42ರಷ್ಟು ಮಾತ್ರ. ಹೀಗಾಗಿ ಈ ತಪ್ಪಿಗೆ ಹಳ್ಳಿಯ ಅಜ್ಜಿಯೊಬ್ಬಳನ್ನೇ ಹೊಣೆ ಮಾಡುವಂತಿಲ್ಲ. ಆಸ್ಪತ್ರೆಗಳೂ ಉತ್ತರ ಹೇಳಬೇಕು.

ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ತುಂಬುತ್ತದೆ. ಹಾಲು ಒಳಗೇ ಉಳಿದರೆ ಹಾಲಿನಲ್ಲಿರುವ ಅಂಶಗಳೇ 'ಇಷ್ಟು ಸಾಕು' ಎಂದು ಗ್ರಂಥಿಗೆ ಹೇಳುತ್ತವೆ. ಎರಡನೇ ದಿನ ಬಾಟಲಿ ಹಿಡಿಸಿದರೆ ಮಗು ಎದೆಗೆ ಕಡಿಮೆ ಬರುತ್ತದೆ, ಹಾಲು ಕಡಿಮೆಯಾಗುತ್ತದೆ, 'ನಾನು ಹೇಳಲಿಲ್ಲವೇ' ಎಂಬ ಮಾತು ನಿಜವಾಗಿಬಿಡುತ್ತದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿ, ಊಡಿಸಬೇಕು. ರಾತ್ರಿ ಪ್ರೊಲ್ಯಾಕ್ಟಿನ್ ಮಟ್ಟ ಹೆಚ್ಚಿರುವುದರಿಂದ ಆ ಸರದಿ ತಪ್ಪಿಸಬಾರದು. ತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಮಗು ತೊಟ್ಟನ್ನಷ್ಟೇ ಕಚ್ಚಿದೆ ಎಂದರ್ಥ, ಸುತ್ತಲಿನ ಕಪ್ಪು ಭಾಗವೂ ಅದರ ಬಾಯೊಳಗೆ ಹೋಗಬೇಕು. ಆ ಭಂಗಿಯನ್ನು ತೋರಿಸಿಕೊಡುವ ಅನುಭವಿ ದಾದಿ ಒಬ್ಬರು ಸಿಕ್ಕರೆ ಅರ್ಧ ಗಂಟೆಯಲ್ಲಿ ಬಗೆಹರಿಯುವ ಸಮಸ್ಯೆ ಇದು.

ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅಳುವನ್ನು ನಂಬಬೇಡಿ, ಒದ್ದೆ ಬಟ್ಟೆ ಎಣಿಸಿ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಮೂತ್ರ ಹೋದರೆ, ಮೊದಲು ಟಾರಿನಂತೆ ಕಪ್ಪಗಿದ್ದ ಮಲ ಹಳದಿಗೆ ತಿರುಗಿದ್ದರೆ ಹಾಲು ಸಾಲುತ್ತಿದೆ. ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ತೂಕ ಕಳೆದುಕೊಳ್ಳುತ್ತವೆ. 3 ಕಿಲೋ ಇದ್ದ ಕೂಸು 200 ಗ್ರಾಂ ಇಳಿದರೆ ಗಾಬರಿ ಬೇಡ. 300 ಗ್ರಾಂ ತಲುಪಿದರೆ ವೈದ್ಯರು ನೋಡಬೇಕು. ಹತ್ತರಿಂದ ಹದಿನಾಲ್ಕು ದಿನದಲ್ಲಿ ಹುಟ್ಟಿದ ತೂಕಕ್ಕೆ ಮರಳಿ, ಅಲ್ಲಿಂದ ಮುಂದೆ ದಿನಕ್ಕೆ 20-30 ಗ್ರಾಂ ಏರುತ್ತದೆ.

ಮೂರನೇ ದಿನದ ಹೊತ್ತಿಗೆ ಮಗುವಿನ ಮುಖ ಹಳದಿಯಾಗುತ್ತದೆ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇದು ಬರುತ್ತದೆ. ಹೊಟ್ಟೆಯೊಳಗೆ ಆಮ್ಲಜನಕ ಕಡಿಮೆ, ಆದ್ದರಿಂದ ಕೂಸು ಹೆಚ್ಚು ಕೆಂಪು ರಕ್ತಕಣ ಇಟ್ಟುಕೊಂಡಿರುತ್ತದೆ. ಹೊರಗೆ ಬಂದು ಉಸಿರಾಡತೊಡಗಿದ ಮೇಲೆ ಅಷ್ಟು ಬೇಕಿಲ್ಲ. ಕಣಗಳು ಒಡೆಯುತ್ತವೆ, ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಅದನ್ನು ನೀರಲ್ಲಿ ಕರಗುವಂತೆ ಮಾಡಿ ಹೊರಹಾಕುವ ಯಕೃತ್ತಿನ ಕಿಣ್ವ ಇನ್ನೂ ಪೂರ್ತಿ ಕೆಲಸಕ್ಕೆ ಇಳಿದಿರುವುದಿಲ್ಲ. ಮೂರರಿಂದ ಐದನೇ ದಿನದಲ್ಲಿ ಏರಿ, ಎರಡು ವಾರದಲ್ಲಿ ಇಳಿಯುವುದು ರೂಢಿ.

ಇದಕ್ಕೆ ಬೆಳಕಿನ ಚಿಕಿತ್ಸೆ ಬಂದ ಕಥೆ ಹೇಳಲೇಬೇಕು. 1956ರ ಬೇಸಗೆ, ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನ ಹೊಣೆ ಹೊತ್ತಿದ್ದ ಸಿಸ್ಟರ್ ವಾರ್ಡ್ ಎಂಬ ದಾದಿಗೆ, ಗಾಳಿ ಬಿಸಿಲು ಮಕ್ಕಳಿಗೆ ಒಳ್ಳೆಯದೆಂಬ ನಂಬಿಕೆ. ಬೆಚ್ಚಗಿನ ದಿನಗಳಲ್ಲಿ ಆಕೆ ಎಳೆಗೂಸುಗಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದಳು. ಒಂದು ದಿನ ವೈದ್ಯರು ವಾರ್ಡಿಗೆ ಬಂದಾಗ ಬಟ್ಟೆ ಬಿಚ್ಚಿದ ಒಂದು ಮಗುವನ್ನು ತುಸು ಅಳುಕುತ್ತಲೇ ತೋರಿಸಿದಳು. ಮೈಯೆಲ್ಲ ಬಿಳಿಚಿದೆ, ಒಂದು ಕಡೆ ತ್ರಿಕೋನಾಕಾರದಲ್ಲಿ ಮಾತ್ರ ಚರ್ಮ ಗಾಢ ಹಳದಿ. ಅಲ್ಲಿಗೇನು ಔಷಧಿ ಹಚ್ಚಿದ್ದೀರಿ ಎಂದು ವೈದ್ಯರು ಕೇಳಿದರು. ಏನೂ ಹಚ್ಚಿರಲಿಲ್ಲ. ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು. ಬಿಸಿಲು ಬಿದ್ದ ಕಡೆಯೆಲ್ಲ ಹಳದಿ ಮಾಸಿತ್ತು, ಬೀಳದ ಕಡೆ ಉಳಿದಿತ್ತು. ಕೆಲವು ವಾರದ ನಂತರ, ಮಗುವೊಂದರಿಂದ ತೆಗೆದು ಕಿಟಕಿಯ ಬಳಿ ಬಿಸಿಲಲ್ಲಿ ಉಳಿದುಹೋಗಿದ್ದ ರಕ್ತದ ಮಾದರಿಯಲ್ಲಿ ಬಿಲಿರುಬಿನ್ ನಿರೀಕ್ಷೆಗಿಂತ ಬಹಳ ಕಡಿಮೆ ಬಂತು. ಡಾ. ರಿಚರ್ಡ್ ಕ್ರೀಮರ್ ಮತ್ತು ಸಂಗಡಿಗರು ಎರಡನ್ನೂ ಜೋಡಿಸಿ ನೋಡಿ, ದೀಪಗಳ ಕೆಳಗೆ ಮಕ್ಕಳನ್ನು ಮಲಗಿಸುವ ಸಾಧನ ಕಟ್ಟಿ 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಕಾಣುವ ನೀಲಿ ದೀಪದ ಪೆಟ್ಟಿಗೆ ಅದರ ಸಂತಾನ. ಸುಮಾರು 460 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕು ಚರ್ಮದಡಿಯ ಬಿಲಿರುಬಿನ್ ಅಣುವಿನ ಆಕಾರವನ್ನೇ ತಿರುಚುತ್ತದೆ, ತಿರುಚಿದ ಅಣು ಯಕೃತ್ತಿನ ಕಿಣ್ವದ ನೆರವಿಲ್ಲದೆಯೇ ಹೊರಹೋಗುತ್ತದೆ.

ಹಾಗಾದರೆ ನಮ್ಮ ಅಜ್ಜಿಯರು ಎಳೆಬಿಸಿಲಿಗೆ ಮಗುವನ್ನು ಹಿಡಿಯುವುದು ಸರಿಯೇ? ಅದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಆದರೆ ಬಟ್ಟೆ ಸುತ್ತಿದ ಮಗುವಿನ ಮುಖಕ್ಕೆ ಬೀಳುವ ಹತ್ತು ನಿಮಿಷದ ಬಿಸಿಲು ಏರಿದ ಕಾಮಾಲೆಗೆ ಚಿಕಿತ್ಸೆಯಾಗಲಾರದು. ಬಟ್ಟೆ ಬಿಚ್ಚಿ ಹೆಚ್ಚು ಹೊತ್ತು ಹಿಡಿದರೆ ಮೈ ತಣ್ಣಗಾಗುವ, ಇಲ್ಲವೇ ಸುಡುವ ಅಪಾಯ. ಬಿಸಿಲನ್ನು ನಂಬಿ ಎರಡು ದಿನ ಕಳೆದರೆ ಬಿಲಿರುಬಿನ್ ಮಿದುಳಿಗೆ ಇಳಿದು ಕಿವುಡು, ಅಂಗವೈಕಲ್ಯ ಶಾಶ್ವತವಾಗಬಹುದು. ಹುಟ್ಟಿದ 24 ಗಂಟೆಯೊಳಗೆ ಕಾಣಿಸಿಕೊಂಡ ಹಳದಿ, ಅಂಗೈ-ಅಂಗಾಲಿಗೆ ಇಳಿದ ಹಳದಿ, ಮಗು ಮಂಕಾಗಿ ಹಾಲು ಬಿಡುವುದು, ಇವು ಆಸ್ಪತ್ರೆಯ ವಿಷಯ. ಎರಡು ವಾರ ದಾಟಿಯೂ ಹಳದಿ ಉಳಿದು, ಮಲ ಸುಣ್ಣದಂತೆ ಬಿಳಿಚಿದ್ದರೆ ಪಿತ್ತನಾಳ ಮುಚ್ಚಿಕೊಂಡಿರಬಹುದು. ಅದರ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು. ಮಗುವಿನ ಮಲದ ಬಣ್ಣ ನೋಡುವುದನ್ನು ಅಸಹ್ಯವೆಂದುಕೊಳ್ಳಬೇಡಿ.

ತಾಯಿಯ ಹಾರ್ಮೋನುಗಳು ಮಗುವಿನ ರಕ್ತದಲ್ಲೂ ಕೆಲವು ದಿನ ಉಳಿದಿರುತ್ತವೆ. ಅದರಿಂದ ಗಂಡಾಗಲಿ ಹೆಣ್ಣಾಗಲಿ, ಮಗುವಿನ ಎದೆ ಊದಿ ಹಾಲಿನಂಥ ಹನಿ ಬರಬಹುದು, ಹೆಣ್ಣುಮಗುವಿಗೆ ಒಂದೆರಡು ದಿನ ಜನನಾಂಗದಿಂದ ಚೂರು ರಕ್ತ ಕಾಣಬಹುದು. ಎರಡೂ ತಾವಾಗಿ ಹೋಗುತ್ತವೆ. ಮಗುವಿನ ಎದೆಯನ್ನು ಹಿಂಡಿ 'ಹಾಲು ತೆಗೆಯುವ' ರೂಢಿ ಕೆಲವು ಮನೆಗಳಲ್ಲಿದೆ. ಹಾಗೆ ಮಾಡಿದರೆ ಕೀವಾಗುತ್ತದೆ, ಮುಂದೆ ಹೆಣ್ಣುಮಗುವಿನ ಸ್ತನದ ಬೆಳವಣಿಗೆಗೇ ಕುತ್ತು ಬರಬಹುದು. ಮೂಗಿನ ಮೇಲೆ ಬಿಳಿ ಚುಕ್ಕಿ, ಬೆನ್ನಿನ ಕೆಳಗೆ ನೀಲಿ ಮಚ್ಚೆ, ಬಿಕ್ಕಳಿಕೆ, ಸೀನು, ಸದ್ದಿಗೆ ಬೆಚ್ಚಿ ಕೈ ಚಾಚುವುದು, ನಿದ್ದೆಯಲ್ಲಿ ಐದಾರು ಸೆಕೆಂಡು ಉಸಿರು ನಿಂತು ಮತ್ತೆ ಶುರುವಾಗುವುದು, ಇವೆಲ್ಲ ಸಹಜ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಎದೆಯ ಕೆಳಭಾಗ ಒಳಸೆಳೆಯುವುದು, ಮೈ ಬಿಸಿಯಾಗುವುದು ಅಥವಾ ತಣ್ಣಗಾಗುವುದು, ಹಾಲು ಬಿಡುವುದು ಸಹಜವಲ್ಲ. ಹೊಕ್ಕುಳಬಳ್ಳಿ ಸಾಮಾನ್ಯವಾಗಿ ಐದರಿಂದ ಹದಿನೈದು ದಿನದೊಳಗೆ ಒಣಗಿ ಬೀಳುತ್ತದೆ. ಅದಕ್ಕೆ ಅರಿಶಿನ, ಎಣ್ಣೆ, ಬೂದಿ ಏನೂ ಬೇಡ, ಒಣಗಿರಲು ಬಿಡಿ. ಇಂಥ ಲೇಪಗಳಿಂದ, ಶುಚಿಯಿಲ್ಲದ ಬ್ಲೇಡಿನಿಂದ ಬರುತ್ತಿದ್ದ ಎಳೆಗೂಸಿನ ಧನುರ್ವಾಯು ಒಂದು ಕಾಲಕ್ಕೆ ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮಕ್ಕಳನ್ನು ಒಯ್ದಿದೆ. ಬಸುರಿಯರಿಗೆ ಲಸಿಕೆ ಮತ್ತು ಶುಚಿಯಾದ ಹೆರಿಗೆಯಿಂದಾಗಿ ಭಾರತ 2015ರಲ್ಲಿ ಅದನ್ನು ನಿರ್ಮೂಲನೆ ಮಟ್ಟಕ್ಕೆ ಇಳಿಸಿತು.

ಮಗುವಿಗೆ ನೀರೆರೆಯುವ ಅಜ್ಜಿಯ ಕೈಯ ಬಗ್ಗೆ ನನಗೆ ಗೌರವವಿದೆ. ಕಾಲುಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ನೀವುವ ಆ ಸ್ಪರ್ಶ ಮಗುವಿಗೆ ಹಿತವೇ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದನ್ನು ಮಾತ್ರ ನಿಲ್ಲಿಸಬೇಕು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವುದೂ ಬೇಡ. ತೂಕ ಕಡಿಮೆಯಿರುವ ಕೂಸುಗಳಿಗೆ ಹೊಗೆಯ ಬಿಸಿಗಿಂತ ತಾಯಿಯ ಎದೆಯ ಬಿಸಿ ದೊಡ್ಡ ಔಷಧ. ಬರಿಮೈ ಮಗುವನ್ನು ತಾಯಿಯ ಬರಿ ಎದೆಗೆ ಅವಚಿ ಕಟ್ಟುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಬಂದಾಗ ಹುಟ್ಟಿದ ಉಪಾಯ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರದ ಜೊತೆ ಸೇರಿ ಅದನ್ನು ಇಡೀ ಜಿಲ್ಲೆಗೆ ಹರಡಿ ತೋರಿಸಿದ್ದಾರೆ. ತಾಯಿ ದಣಿದಾಗ ತಂದೆ, ಅಜ್ಜಿ, ಅತ್ತೆ ಯಾರ ಎದೆಯಾದರೂ ಆದೀತು.

ಮೂರನೇ ವಾರದ ಹೊತ್ತಿಗೆ ಮಗು ಹೆಚ್ಚು ಅಳತೊಡಗುತ್ತದೆ, ಅದೂ ಸಂಜೆಯ ಮೇಲೆ. ದೃಷ್ಟಿಯಾಗಿದೆ, ಬಾಲಗ್ರಹ, ಹೊಟ್ಟೆನೋವು, ತಾಯಿ ತಿಂದದ್ದು ಸರಿಹೋಗಿಲ್ಲ ಎಂದು ಮನೆ ತುಂಬ ಕಾರಣಗಳು ಏಳುತ್ತವೆ. ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 80 ಮಕ್ಕಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿ 1962ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಎರಡನೇ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಅಳು, ಆರನೇ ವಾರದಲ್ಲಿ ಎರಡೂಮುಕ್ಕಾಲು ಗಂಟೆ, ಅಲ್ಲಿಂದ ಇಳಿಮುಖ. ಇವು ಆರೋಗ್ಯವಂತ ಮಕ್ಕಳು. ಸದಾ ಮೈಗಂಟಿಕೊಂಡೇ ಮಕ್ಕಳನ್ನು ಹೊತ್ತು ತಿರುಗುವ ಆಫ್ರಿಕದ ಕಲಹಾರಿಯ ಸ್ಯಾನ್ ಜನರಲ್ಲೂ ಇಂಥದೇ ಏರಿಳಿತವಿದೆ, ಒಂದೊಂದು ಸಲದ ಅಳು ಮಾತ್ರ ಚಿಕ್ಕದು ಎಂದು ರೊನಾಲ್ಡ್ ಬಾರ್ ಮುಂದೆ ತೋರಿಸಿದರು. ಎತ್ತಿಕೊಳ್ಳಿ, ತೂಗಿ, ಹಾಡಿ. ಎತ್ತಿಕೊಂಡರೆ ಕೆಡುತ್ತದೆ ಎಂಬ ಮಾತಿಗೆ ಈ ವಯಸ್ಸಿನಲ್ಲಿ ಅರ್ಥವಿಲ್ಲ. ಏನು ಮಾಡಿದರೂ ನಿಲ್ಲದಿದ್ದರೆ, ತಾಳ್ಮೆ ತಪ್ಪುತ್ತಿದೆ ಅನ್ನಿಸಿದರೆ ಮಗುವನ್ನು ಅಂಗಾತ ಮಲಗಿಸಿ ಐದು ನಿಮಿಷ ಆಚೆ ಹೋಗಿ ಬನ್ನಿ. ಸಿಟ್ಟಿನಲ್ಲಿ ಮಗುವನ್ನು ಕುಲುಕಬಾರದು. ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಹಗಲು-ರಾತ್ರಿಯ ಗಡಿಯಾರ ಮಗುವಿನಲ್ಲಿ ಹೊಂದಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ದಿನಕ್ಕೆ ಹದಿನಾಲ್ಕರಿಂದ ಹದಿನೇಳು ಗಂಟೆ ಮಲಗುವುದಾದರೂ ಎರಡು ಮೂರು ಗಂಟೆಯ ತುಂಡುಗಳಲ್ಲಿ.

ನಮ್ಮ ಬಾಣಂತನದ ಪದ್ಧತಿಯನ್ನು ಇಡಿಯಾಗಿ ಮೂಢನಂಬಿಕೆ ಎಂದು ತಳ್ಳುವವರ ಜೊತೆ ನನಗೆ ಸಹಮತವಿಲ್ಲ. ನಲವತ್ತು ದಿನ ಹೆಣ್ಣನ್ನು ಮನೆಗೆಲಸದಿಂದ ಬಿಡಿಸಿ, ತವರಿನಲ್ಲಿ ಕೂರಿಸಿ, ಇತರರು ಅಡುಗೆ ಮಾಡಿ ಬಡಿಸುವ ಏರ್ಪಾಡು ಆಧುನಿಕ ನಗರಗಳು ಕಳೆದುಕೊಂಡಿರುವ ದೊಡ್ಡ ಆಸ್ತಿ. ಅಂಟಿನುಂಡೆ, ಅಳವಿ ಪಾಯಸ, ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ತುಪ್ಪ ಇವುಗಳಲ್ಲಿ ಶಕ್ತಿಯಿದೆ, ಅಳವಿಯಲ್ಲಿ ಕಬ್ಬಿಣವೂ ಇದೆ. ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ತಪ್ಪಿರುವುದು ಪಥ್ಯದ ಇನ್ನೊಂದು ಬದಿಯಲ್ಲಿ, ಬೇಡ ಎನ್ನುವುದರ ಪಟ್ಟಿಯಲ್ಲಿ.

ಮೊದಲು ನೀರು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವಾಗುತ್ತದೆ ಎಂದು ದಿನಕ್ಕೆ ಎರಡು ಲೋಟಕ್ಕೆ ಮಿತಿ ಹಾಕುವ ಮನೆಗಳು ಇವತ್ತಿಗೂ ಇವೆ. ಹೆರಿಗೆಯಲ್ಲಿ ರಕ್ತ ಹೋಗುವುದನ್ನು ತಡೆಯಲು ಬಸುರಿಯ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಆ ಗುಣ ಹೆರಿಗೆಯ ನಂತರವೂ ಆರು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಅದರ ಮೇಲೆ ನೀರಿಲ್ಲದೆ ಒಣಗಿಸಿ, ಬಿಸಿ ಕೋಣೆಯಲ್ಲಿ ಅಲುಗಾಡದೆ ಮಲಗಿಸಿದರೆ ಕಾಲಿನ ರಕ್ತನಾಳದಲ್ಲೋ ಮಿದುಳಿನ ಅಭಿಧಮನಿಯಲ್ಲೋ ರಕ್ತ ಹೆಪ್ಪುಗಟ್ಟಬಹುದು. ತೀವ್ರ ತಲೆನೋವು, ವಾಂತಿ, ಫಿಟ್ಸ್, ಒಂದು ಬದಿ ಕೈಕಾಲು ಬಿದ್ದುಹೋಗುವುದು ಮಿದುಳಿನಲ್ಲಿ ಹೆಪ್ಪುಗಟ್ಟಿದ್ದರ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು ಬಾಣಂತಿಯರ ಈ ಕಾಯಿಲೆಯ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಬಾಣಂತಿ ಸನ್ನಿ ಎಂದು ಮಂತ್ರಿಸಿ ಕಟ್ಟಿದ ಎಷ್ಟೋ ತಾಯತಗಳ ಕೆಳಗೆ ಇದೇ ಇದ್ದಿರಬೇಕು. ಬಾಯಾರಿದಷ್ಟು ನೀರು ಕುಡಿಯಲಿ, ಹೆರಿಗೆಯ ಮರುದಿನದಿಂದಲೇ ಕೋಣೆಯೊಳಗೆ ಓಡಾಡಲಿ.

ಎರಡನೆಯದು ಇನ್ನೂ ಹೆಚ್ಚು ಕಾಡುವ ವಿಷಯ. ಒಂದರಿಂದ ನಾಲ್ಕು ತಿಂಗಳ ಕೂಸು, ಎದೆಹಾಲೊಂದನ್ನೇ ಕುಡಿದು ದುಂಡಗೆ ಬೆಳೆಯುತ್ತಿರುವುದು, ಇದ್ದಕ್ಕಿದ್ದಂತೆ ಹಾಲು ಬಿಟ್ಟು ನರಳತೊಡಗುತ್ತದೆ, ಉಸಿರು ಮೇಲೇರುತ್ತದೆ, ಧ್ವನಿ ಗೊಗ್ಗರಾಗುತ್ತದೆ. ಆಸ್ಪತ್ರೆಗೆ ತಂದರೆ ಹೃದಯದ ಬಲಭಾಗ ಹಿಗ್ಗಿ ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿರುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಮಕ್ಕಳನ್ನು ಸಾಲಾಗಿ ಗಮನಿಸಿ, ಥಯಾಮಿನ್ ಅಂದರೆ ಬಿ-1 ಜೀವಸತ್ವದ ಚುಚ್ಚುಮದ್ದು ಕೊಟ್ಟಾಗ ಬಹುಪಾಲು ಮಕ್ಕಳು ಬೇಗನೆ ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ತಾಯಂದಿರ ಊಟ ವಿಚಾರಿಸಿದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಸಾರು, ತುಪ್ಪ. ಬೇಳೆ ವಾಯು, ಕಾಳು ವಾಯು, ತರಕಾರಿ ಶೀತ, ಹಣ್ಣು ನೆಗಡಿ ಎಂದು ಉಳಿದದ್ದೆಲ್ಲ ಅಪಥ್ಯ. ಅಕ್ಕಿಯ ಥಯಾಮಿನ್ ಇರುವುದು ಮುಖ್ಯವಾಗಿ ಅದರ ತೌಡಿನಲ್ಲಿ, ಗಿರಣಿ ಅದನ್ನು ಸವರಿ ತೆಗೆಯುತ್ತದೆ. ಬಾಣಂತಿಯ ದೇಹದಲ್ಲಿ ಈ ಸತ್ವದ ಉಗ್ರಾಣ ಕೆಲವೇ ವಾರದ್ದು. ಅದು ಬರಿದಾದಂತೆ ಹಾಲಿನಲ್ಲೂ ಬರಿದಾಗುತ್ತದೆ. ಮಗುವಿಗೆ ವಾಯುವಾಗದಿರಲಿ ಎಂಬ ಪ್ರೀತಿಯಿಂದ ತಾಯಿ ಬೇಳೆ ಬಿಟ್ಟಳು, ಅದೇ ಮಗುವಿನ ಹೃದಯ ಸೋತಿತು. ತೊಗರಿ, ಹೆಸರು, ಕಡಲೆ, ನೆಲಗಡಲೆ, ರಾಗಿ, ಜೋಳ, ಕುಚ್ಚಲಕ್ಕಿ, ಸೊಪ್ಪು, ಹಣ್ಣು, ರೂಢಿಯಿದ್ದವರಿಗೆ ಮೊಟ್ಟೆ, ಮೀನು ಎಲ್ಲವನ್ನೂ ಬಾಣಂತಿ ಉಣ್ಣಬೇಕು. ತಾಯಿ ಬೇಳೆ ತಿಂದರೆ ಮಗುವಿಗೆ ವಾಯುವಾಗುವುದಿಲ್ಲ. ಕರುಳಿನ ಗಾಳಿ ಹಾಲಿಗೆ ಬರುವ ದಾರಿಯೇ ದೇಹದಲ್ಲಿಲ್ಲ.

ಇನ್ನು ಮನಸ್ಸು. ಮೂರರಿಂದ ಐದನೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ತಾಯಂದಿರು ಕಾರಣವಿಲ್ಲದೆ ಅಳುತ್ತಾರೆ, ಸಣ್ಣದಕ್ಕೆ ರೇಗುತ್ತಾರೆ. ಮಾಸಿನ ಜೊತೆ ಹಾರ್ಮೋನುಗಳು ಕುಸಿದಿವೆ, ನಿದ್ದೆಯಿಲ್ಲ, ಮೈಯೆಲ್ಲ ನೋವು. ಎರಡು ವಾರದಲ್ಲಿ ಅದು ತಿಳಿಯಾಗುತ್ತದೆ. ತಿಳಿಯಾಗದೆ ಉಳಿದರೆ, ಮಗು ಮಲಗಿದಾಗಲೂ ತನಗೆ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಏನೂ ಅನ್ನಿಸುತ್ತಿಲ್ಲ, ನಾನು ಕೆಟ್ಟ ತಾಯಿ, ಬದುಕೇ ಬೇಡ ಎಂಬ ಯೋಚನೆ ಸುತ್ತತೊಡಗಿದರೆ ಅದು ಖಿನ್ನತೆ. ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ನೂರು ತಾಯಂದಿರಲ್ಲಿ 22 ಮಂದಿಯನ್ನು ಇದು ಬಾಧಿಸುತ್ತದೆ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡತನ, ಗಂಡನ ಹಿಂಸೆ, ಮತ್ತು ಹುಟ್ಟಿದ್ದು ಹೆಣ್ಣು ಎಂಬ ಕಾರಣಗಳು ಎದ್ದು ಕಂಡವು. ಹಾರ್ಮೋನಿನ ತಲೆಗೆ ಎಲ್ಲವನ್ನೂ ಕಟ್ಟಿ ಮನೆಯವರು ಕೈತೊಳೆದುಕೊಳ್ಳುವಂತಿಲ್ಲ. 'ಇದೂ ಹೆಣ್ಣೇ?' ಎಂಬ ಒಂದು ಪ್ರಶ್ನೆ ಬಾಣಂತಿಯ ಕಿವಿಗೆ ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ಸಾವಿರಕ್ಕೆ ಒಬ್ಬಿಬ್ಬರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ಮನಸ್ಸು ಪೂರ್ತಿ ಕದಡುತ್ತದೆ. ನಿದ್ದೆಯೇ ಇಲ್ಲದೆ, ಇಲ್ಲದ ದನಿಗಳು ಕೇಳಿಸಿ, ಮಗುವನ್ನು ಯಾರೋ ಬದಲಿಸಿದ್ದಾರೆ ಎನ್ನತೊಡಗುತ್ತಾಳೆ. ಇದು ತುರ್ತುಸ್ಥಿತಿ. ದೇವಸ್ಥಾನ ದರ್ಗಾ ಸುತ್ತಿ ಬರಲು ಸಮಯವಿಲ್ಲ, ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ. ಚಿಕಿತ್ಸೆಯಿಂದ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಬೇರ್ಪಡಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ, ದೇಶದಲ್ಲಿ ಅಂಥದು ಮೊದಲನೆಯದು. ಊರಲ್ಲಿ ಮನೋವೈದ್ಯರು ಇಲ್ಲದಿದ್ದರೆ 14416 ಸಂಖ್ಯೆಗೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪನಾದವನಿಗೆ ಈ ಕೋಣೆಯಲ್ಲಿ ಜಾಗವಿಲ್ಲ ಎಂದು ನಮ್ಮಲ್ಲಿ ಅನೇಕರು ಈಗಲೂ ಭಾವಿಸುತ್ತಾರೆ. ದೇಹ ಹಾಗೆ ಭಾವಿಸಿಲ್ಲ. ಫಿಲಿಪ್ಪೀನ್ಸ್‌ನ ಸೆಬು ಪ್ರಾಂತ್ಯದ 624 ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಪ್ಪಂದಿರಾದವರ ಟೆಸ್ಟೊಸ್ಟಿರಾನ್ ಮಟ್ಟ ಇಳಿದಿತ್ತು. ಮಕ್ಕಳ ಆರೈಕೆಯಲ್ಲಿ ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಕಳೆಯುವವರಲ್ಲಿ ಆ ಮಟ್ಟ, ಆರೈಕೆಗೆ ಕೈಹಾಕದ ಅಪ್ಪಂದಿರಿಗಿಂತ ಕಡಿಮೆಯಿತ್ತು. ಬಾಣಂತಿ ತವರಿನಲ್ಲಿದ್ದರೆ ಅವನೂ ಅಲ್ಲಿಗೆ ಹೋಗಿ ರಾತ್ರಿ ಮಗುವಿನ ಬಟ್ಟೆ ಬದಲಿಸಲಿ, ಹಾಲು ಕುಡಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಲಿ. ತಾಯಿಗೆ ಸತತ ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಅದಕ್ಕೆ ಸಮನಾದ ಟಾನಿಕ್ ಯಾವ ಅಂಗಡಿಯಲ್ಲೂ ಇಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕೆಂಬುದು ಸರ್ಕಾರದ ನಿಯಮ. ಬಾರದಿದ್ದರೆ ಕೇಳಿ ಕರೆಸಿಕೊಳ್ಳಿ, ಬಂದಾಗ ಹೊಸಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಆರನೇ ವಾರಕ್ಕೆ ಮಗುವಿನ ಪೆಂಟಾವೇಲೆಂಟ್ ಲಸಿಕೆ ಇರುತ್ತದೆ, ಮಗುವನ್ನು ಎತ್ತಿಕೊಂಡು ತಾಯಿ ಹೇಗೂ ಆಸ್ಪತ್ರೆಗೆ ಬಂದಿರುತ್ತಾಳೆ. ಅದೇ ದಿನ ಅವಳ ರಕ್ತದೊತ್ತಡ ನೋಡಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಹೊಲಿಗೆ ತೋರಿಸಿ, ಮುಟ್ಟು ಬರುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದಾದ್ದರಿಂದ ಅಂತರದ ಬಗ್ಗೆ ಕೇಳಿ, ಕೆಮ್ಮಿದರೆ ಮೂತ್ರ ಸೋರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಮನಸ್ಸು ಹೇಗಿದೆ ಎಂದು ವೈದ್ಯರ ಎದುರು ಅವಳೇ ಮಾತಾಡಲು ಬಿಡಿ. ಲಸಿಕೆಯ ಚೀಟಿಯ ಜೊತೆಗೆ ಅವಳ ಹೆಸರಿನದೊಂದು ಓಪಿಡಿ ಚೀಟಿಯನ್ನೂ ಮಾಡಿಸಿ.